ವೈಪಿನ್‌ಗೆ ಹತ್ತು ನಿಮಿಷ

ಮೊದಲು ಗರ್ರ್ ಎಂದು ಮರ ಮರವನ್ನು ತೀಡುವ ಸದ್ದು, ಆಮೇಲೆ ಧಡ್. ಚಾಮರಾಜಪೇಟೆಯ ನಮ್ಮ ಮನೆಯ ಮುಂಬಾಗಿಲಿಗೆ ಸಂಜೆ ಆರಕ್ಕೆ ಅಗಳಿ ಬೀಳುತ್ತಿದ್ದುದು ಹೀಗೆ. ಗೋಡೆಯೊಳಗಿನ ಗೂಡಿನಿಂದ ತೋಳಿನಷ್ಟು ದಪ್ಪದ ಆ ಮರದ ಅಡ್ಡವನ್ನು ಎಳೆದು ಆಚೆ ಬದಿಯ ತೂತಿಗೆ ತೂರಿಸುವುದು ಅಜ್ಜಿಯ ಕೆಲಸ. ಅದನ್ನು ಬೇರೆ ಯಾರೂ ಮುಟ್ಟುವ ಹಾಗಿರಲಿಲ್ಲ. ಬೀದಿಯಲ್ಲಿ ಇನ್ನೂ ಬೆಳಕಿರುತ್ತಿತ್ತು, ಎದುರು ಮನೆಯ ಹುಡುಗಿಯರು ಕುಂಟೆಬಿಲ್ಲೆ ಆಡುತ್ತ ಜಗಳವಾಡುವುದು ಕೇಳಿಸುತ್ತಿತ್ತು. ನಮ್ಮ ಮನೆಯಲ್ಲಿ ಮಾತ್ರ ದಿನ ಮುಗಿದುಹೋಗಿರುತ್ತಿತ್ತು. ಅಪ್ಪಾಜಿ ಅಂಗಡಿ ಮುಚ್ಚಿ ಬಂದು ಬಾಗಿಲ ಹೊರಗೆ ಒಮ್ಮೆ ಕೆಮ್ಮಿದರೆ ಅದು ಸರಿಯುತ್ತಿತ್ತು, ಮತ್ತೆ ಬೀಳುತ್ತಿತ್ತು. ಈಗ ನನಗೆ ಎಪ್ಪತ್ತು ದಾಟಿದೆ. ಮಲ್ಲೇಶ್ವರದ ಈ ಮನೆಗೆ ಮಗಳು ಬೆರಳೊತ್ತಿದರೆ ತೆಗೆಯುವ ಬೀಗ ಹಾಕಿಸಿದ್ದಾಳೆ. ವೆರಿ ಮಾಡರ್ನ್, ಸದ್ದೇ ಇಲ್ಲ. ಆದರೂ ಆರು ಗಂಟೆಗೆ ನಾನು ಎಲ್ಲಿದ್ದರೂ ಒಂದು ಕ್ಷಣ ಮಾತು ನಿಲ್ಲಿಸುತ್ತೇನೆ.

ಆ ಮನೆ ರೈಲುಡಬ್ಬಿಯ ಹಾಗೆ ಉದ್ದಕ್ಕಿತ್ತು. ಹಜಾರ, ನಡುಮನೆ, ಪೂಜೆಕೋಣೆ, ಉಗ್ರಾಣ, ಅಡುಗೆಮನೆ, ಕೊನೆಗೆ ಬಾವಿ ಇದ್ದ ಹಿತ್ತಲು. ಅವೆನ್ಯೂ ರಸ್ತೆಯ ಹಿಂದಿನ ಓಣಿಯಲ್ಲಿ ನಮ್ಮದು ಮೆಣಸು, ಏಲಕ್ಕಿ, ಒಣಶುಂಠಿಯ ಸಗಟು ಅಂಗಡಿ. ಮಾದರಿಗೆಂದು ಬಂದ ಸಣ್ಣ ಚೀಲಗಳೆಲ್ಲ ಉಗ್ರಾಣದಲ್ಲಿ ಇರುತ್ತಿದ್ದುದರಿಂದ ನಮ್ಮ ಹಾಸಿಗೆ, ನನ್ನ ಯೂನಿಫಾರ್ಮ್, ಕೊನೆಗೆ ನನ್ನ ಇಂಗ್ಲಿಷ್ ರೀಡರ್ ಕೂಡ ಏಲಕ್ಕಿ ನಾರುತ್ತಿತ್ತು. ಕಾನ್ವೆಂಟ್‌ನಲ್ಲಿ ಪಕ್ಕ ಕೂರುವ ಹುಡುಗಿ ನನ್ನನ್ನು ಪಾಯಸ ಎಂದು ಕರೆಯುತ್ತಿದ್ದಳು. ಮನೆಯಲ್ಲಿ ಒಂದು ಕಟ್ಟುನಿಟ್ಟು ಇತ್ತು, ಯಾರೂ ಬಾಯಿಬಿಟ್ಟು ಹೇಳದಿದ್ದರೂ ನಾವೆಲ್ಲ ಪಾಲಿಸುತ್ತಿದ್ದೆವು. ಅಪ್ಪಾಜಿಗೆ ಮತ್ತು ಅಜ್ಜಿಗೆ ಬಹುವಚನ, ಉಳಿದವರಿಗೆಲ್ಲ ಏಕವಚನ. ಅಪ್ಪಾಜಿಯ ತಂಗಿ ಗೌರತ್ತೆ ನನಗಿಂತ ಹದಿನಾರು ವರ್ಷ ದೊಡ್ಡವಳು, ಆದರೂ ಅವಳಿಗೆ ನಾನು ನೀನು ಎನ್ನುತ್ತಿದ್ದೆ. ಹತ್ತು ವರ್ಷದ ಬೇಬಿ ಎಂಬ ನನ್ನಿಂದ ಹಿಡಿದು ಹೂ ಮಾರುವವಳವರೆಗೆ ಎಲ್ಲರಿಗೂ ಅವಳು ನೀನು.

ಗೌರತ್ತೆಯನ್ನು ದಾವಣಗೆರೆಗೆ ಕೊಟ್ಟಿದ್ದರು. ಅಲ್ಲಿಗೆ ಹೋದ ಮೇಲೆ, ಆ ಮನೆಯಲ್ಲಿ ಗಂಡನಿಗೆ ಆಗಲೇ ಒಬ್ಬಳಿದ್ದಾಳೆ ಎಂದು ಗೊತ್ತಾಯಿತು. ಮೂರು ತಿಂಗಳಿಗೆ ಟ್ರಂಕಿನೊಂದಿಗೆ ಹಿಂದಿರುಗಿದಳು. ಅಪ್ಪಾಜಿ ಬೇಡ ಎನ್ನಲಿಲ್ಲ, ಬಾ ಎಂದೂ ಅನ್ನಲಿಲ್ಲ. ಅವಳ ಟ್ರಂಕು ಉಗ್ರಾಣಕ್ಕೆ ಹೋಯಿತು, ಅವಳು ಅಡುಗೆಮನೆಗೆ ಹೋದಳು. ಮದುವೆಗೆ ಮುಂಚೆ ಅವಳು ಎಸ್ಸೆಸ್ಸೆಲ್ಸಿ ಮಾಡಿ, ಮುಂದಿನ ರಸ್ತೆಯ ಮಹಡಿಯೊಂದರಲ್ಲಿ ಟೈಪಿಂಗ್ ಕಲಿತು, ಹೈಯರ್ ಗ್ರೇಡ್ ಪಾಸು ಮಾಡಿದ್ದಳು. ಆ ಸರ್ಟಿಫಿಕೇಟು ಟ್ರಂಕಿನ ತಳದಲ್ಲಿ ಹಾಸಿದ ಪೇಪರಿನ ಕೆಳಗಿತ್ತು. ಚಪಾತಿ ಹಿಟ್ಟು ನಾದಿ ಮುಗಿಸಿದ ಮೇಲೆ ಮಣೆಯ ಅಂಚಿನ ಮೇಲೆ ಅವಳ ಹತ್ತೂ ಬೆರಳು ಆಡುತ್ತಿದ್ದವು. ನಾನು ಕೇಳಿದರೆ,

“ಏನಿಲ್ಲ. ಡಿಯರ್ ಸರ್ ಬರೀತಿದೀನಿ” ಎನ್ನುತ್ತಿದ್ದಳು.

“ಯಾವ ಸರ್‌ಗೆ?”

“ಯಾರಾದ್ರೂ ಸರಿ. ಓದೋರು ಒಬ್ರು ಬೇಕಷ್ಟೆ.”

ಅವಳು ಹೊರಗೆ ಹೋಗಬೇಕಾದರೆ ಜೊತೆಗೆ ನಾನು ಇರಬೇಕಿತ್ತು. ರವಿಕೆ ಹೊಲಿಸಲು, ಬಸವನಗುಡಿಯ ನೆಂಟರ ಮನೆಗೆ, ಎಲ್ಲಿಗಾದರೂ. ದೊಡ್ಡವರು ಮಗುವನ್ನು ಕರೆದುಕೊಂಡು ಹೋಗುತ್ತಿದ್ದಾರೆ ಎಂದು ಬೀದಿಯವರು ಅಂದುಕೊಳ್ಳುತ್ತಿದ್ದರು. ನಿಜವಾಗಿ ಮಗುವೇ ದೊಡ್ಡವರನ್ನು ಕರೆದುಕೊಂಡು ಹೋಗುತ್ತಿತ್ತು. ಹಿಂದಿರುಗಿದ ಕೂಡಲೇ ಅಜ್ಜಿ ನನ್ನನ್ನು ಉಗ್ರಾಣಕ್ಕೆ ಕರೆದು ಬಾಗಿಲು ಓರೆ ಮಾಡುತ್ತಿದ್ದರು. ಕೈಗೆ ಕೊಬ್ಬರಿ, ಬೆಲ್ಲ.

“ಎಲ್ಲೆಲ್ಲಿ ಹೋದ್ರಿ? ಯಾರ್ ಮಾತಾಡ್ಸಿದ್ರು?”

ನಾನು ಎಲ್ಲವನ್ನೂ ಹೇಳುತ್ತಿದ್ದೆ. ಯಾವ ಅಂಗಡಿ, ಯಾರು ನಕ್ಕರು, ಗೌರತ್ತೆ ಯಾವ ಕಿಟಕಿಯ ಮುಂದೆ ಎಷ್ಟು ಹೊತ್ತು ನಿಂತಳು. ಕಾನ್ವೆಂಟ್‌ನಲ್ಲಿ ನನಗೆ ಮಾರಲ್ ಸೈನ್ಸ್‌ನಲ್ಲಿ ಪ್ರೈಜ್ ಬಂದಿತ್ತು. ಎ ಗುಡ್ ಗರ್ಲ್ ಆಲ್ವೇಸ್ ಟೆಲ್ಸ್ ದ ಟ್ರೂತ್. ಸತ್ಯಕ್ಕೆ ಇಷ್ಟು ಚೆನ್ನಾದ ಕೊಬ್ಬರಿ ಬೆಲ್ಲ ಸಿಗುತ್ತದೆ ಎಂದು ಸಿಸ್ಟರ್ ಹೇಳಿರಲಿಲ್ಲ, ಅದನ್ನು ನಾನೇ ಕಂಡುಕೊಂಡಿದ್ದೆ.

ಇನ್ನೊಂದು ವಿಷಯ ಹೇಳದೆ ಮುಂದಿನದು ಅರ್ಥವಾಗುವುದಿಲ್ಲ. ನಮ್ಮಲ್ಲಿ ಹುಟ್ಟಿದ ಮಗುವಿಗೇ ಲಿಂಗ ಕಟ್ಟುತ್ತಾರೆ. ದೀಕ್ಷೆಯಾದ ಮೇಲೆ ಅದು ಮೈಯಿಂದ ಬೇರೆಯಾಗುವ ಹಾಗಿಲ್ಲ. ಸ್ನಾನ ಮಾಡಿ, ವಿಭೂತಿ ಹಚ್ಚಿ, ಎಡ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಪೂಜೆ ಮಾಡಿದ ಮೇಲೆಯೇ ಬಾಯಿಗೆ ನೀರು. ಎಲ್ಲರ ಮನೆಯಲ್ಲೂ ಇಷ್ಟು ಬಿಗಿ ಇರಲಿಲ್ಲ, ನಮ್ಮ ಅಜ್ಜಿಯ ಮನೆಯಲ್ಲಿ ಇತ್ತು. ಲಿಂಗವನ್ನು ಇಟ್ಟು ಕೊರಳಿಗೆ ಹಾಕಿಕೊಳ್ಳುವ, ಮನೆಯವರೆಲ್ಲರ ಬೆಳ್ಳಿ ಕರಡಿಗೆಗಳನ್ನು ಒಬ್ಬನೇ ಅಕ್ಕಸಾಲಿಗ ಒಂದೇ ಅಚ್ಚಿನಲ್ಲಿ ಮಾಡಿದ್ದ. ಅದಕ್ಕೆ ಹಾಕುವ ದಾರ ಅಜ್ಜಿಯೇ ಹೊಸೆದದ್ದು. ಒಬ್ಬರ ಲಿಂಗವನ್ನು ಇನ್ನೊಬ್ಬರು ಕಟ್ಟಿಕೊಳ್ಳಬಾರದು. ಕಳೆದುಕೊಂಡವರ ಕೈಯ ಅಡುಗೆ ಉಣ್ಣಬಾರದು. ಕಳೆದುಕೊಂಡವರು ಗುರುಗಳಿಂದ ಇನ್ನೊಂದು ಪಡೆಯುವವರೆಗೆ ಅನ್ನ ನೀರು ಮುಟ್ಟಬಾರದು. ಕೆರೆಯಲ್ಲಿ ಮೀಯುವಾಗ ಲಿಂಗ ಕಳೆದುಕೊಂಡು, ಸಿಗುವವರೆಗೂ ದಡದಲ್ಲೇ ಉಪವಾಸ ಕೂತ ಮುತ್ತಜ್ಜನ ಕಥೆಯನ್ನು ಅಜ್ಜಿ ಊಟಕ್ಕೆ ಕೂತಾಗಲೇ ಹೇಳುತ್ತಿದ್ದರು. ತಟ್ಟೆಯಲ್ಲಿ ಅನ್ನ ಬಿಡುವ ಧೈರ್ಯ ಯಾರಿಗೂ ಬರುತ್ತಿರಲಿಲ್ಲ.

ಹೊಸ ಮೆಣಸು ಬರುವ ಕಾಲಕ್ಕೆ ಅಪ್ಪಾಜಿ ವರ್ಷಕ್ಕೊಮ್ಮೆ ಕೊಚ್ಚಿಗೆ ಹೋಗುತ್ತಿದ್ದರು. ಅಲ್ಲಿ ಹೋಟೆಲಿನಲ್ಲಿ ಉಣ್ಣದೆ, ಹದಿನೈದು ದಿನ ಹಾಲು ಬಾಳೆಹಣ್ಣಿನಲ್ಲಿ ಕಳೆದು, ಸೊರಗಿ ಬರುತ್ತಿದ್ದರು. ಆ ವರ್ಷ ನನಗೆ ನಾಯಿಕೆಮ್ಮು ಬಂದು ಹೋಗಿತ್ತು, ಸಮುದ್ರದ ಗಾಳಿ ಒಳ್ಳೆಯದು ಎಂದು ಡಾಕ್ಟರು ಹೇಳಿದ್ದರು. ಅಮ್ಮನಿಗೆ ತಮ್ಮ ಹುಟ್ಟಿ ಎರಡು ತಿಂಗಳು. ಹಾಗಾಗಿ ಲಿಂಗವಂತರ ಕೈಯಡುಗೆಗೆಂದು ಗೌರತ್ತೆ, ಗಾಳಿಗೆಂದು ನಾನು ಹೊರಟೆವು. ಐಲ್ಯಾಂಡ್ ಎಕ್ಸ್‌ಪ್ರೆಸ್ ಎಂಬ ಆ ರೈಲಿನ ಹೆಸರನ್ನು ಗೌರತ್ತೆ ಬೋರ್ಡಿನ ಮೇಲೆ ಎರಡು ಸಲ ಓದಿದಳು. ಹೊರಡುವ ವಾರ ನನ್ನ ರಿಪೋರ್ಟ್ ಕಾರ್ಡ್ ತರಲು ಅವಳೇ ಕಾನ್ವೆಂಟಿಗೆ ಬಂದಿದ್ದಳು. ಅಮ್ಮನಿಗೆ ಇಂಗ್ಲಿಷ್ ಬಾರದು, ಆದ್ದರಿಂದ ಆ ಕೆಲಸ ಅವಳದಾಗಿತ್ತು. ಸಿಸ್ಟರ್ ಕ್ಲೇರ್ ಅವಳನ್ನು ಪಾರ್ಲರ್ ಎನ್ನುವ ಭೇಟಿಕೋಣೆಯಲ್ಲಿ ಕೂರಿಸಿಕೊಂಡು ಬಹಳ ಹೊತ್ತು ಮಾತಾಡಿದ್ದರು. ನಾನು ಹೊರಗೆ ಉಯ್ಯಾಲೆಯಲ್ಲಿದ್ದೆ. ಅಂದು ಉಗ್ರಾಣದಲ್ಲಿ ಅಜ್ಜಿಗೆ “ಮಾರ್ಕ್ಸ್ ಬಗ್ಗೆ ಮಾತಾಡಿದ್ರು” ಎಂದು ಹೇಳಿದೆ. ನನಗೆ ಗೊತ್ತಿದ್ದದ್ದು ಅಷ್ಟೇ.

ಕೊಚ್ಚಿಯಲ್ಲಿ ನಮಗೆ ಸಿಕ್ಕಿದ್ದು ಮಟ್ಟಂಚೇರಿಯ ಗುಜರಾತಿ ಸೇಠರ ಗೋಡೌನಿನ ಮೇಲಿನ ಎರಡು ಕೋಣೆ. ಬೆಳಗ್ಗೆ ಪೂಜೆ, ತಿಂಡಿ ಮುಗಿಸಿ ಅಪ್ಪಾಜಿ ಮಾರ್ಕೆಟ್ಟಿಗೆ ಇಳಿಯುವಾಗ ಹೊರಗಿನಿಂದ ಬೀಗ ಹಾಕುತ್ತಿದ್ದರು. ಹೊಸ ಊರು, ಭಾಷೆ ಬಾರದು, ಅದಕ್ಕೆ. ಮಧ್ಯಾಹ್ನ ಊಟಕ್ಕೆ ಬಂದು ತೆಗೆಯುತ್ತಿದ್ದರು, ಮತ್ತೆ ಹಾಕುತ್ತಿದ್ದರು. ಸಮುದ್ರದ ಗಾಳಿ ನನಗೆ ಕಿಟಕಿಯ ಸರಳುಗಳ ನಡುವಿನಿಂದ ಬಂತು. ಅಲ್ಲಿಂದ ಹಿನ್ನೀರಿನ ಒಂದು ತುಂಡು ಕಾಣುತ್ತಿತ್ತು, ಅದರ ಮೇಲೆ ದೋಣಿಗಳು ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ. ಗೌರತ್ತೆ ಅಕ್ಕಿ ಆರಿಸುತ್ತ ಅವನ್ನು ನೋಡುತ್ತಿದ್ದಳು. ಹತ್ತು ದಿನ ಹೀಗೇ ಹೋಯಿತು. ಊರಿಗೆ ಹೊರಡುವ ಹಿಂದಿನ ದಿನ, ಭಾನುವಾರ, ಅಪ್ಪಾಜಿ ಮೂಟೆಗಳನ್ನು ತೂಕ ಮಾಡಿಸುವುದಿತ್ತು. ತಿಂಡಿ ಬಡಿಸುತ್ತ ಗೌರತ್ತೆ ಕೇಳಿದಳು.

“ಅಣ್ಣ, ಬೇಬಿ ಇಷ್ಟು ದೂರ ಬಂದು ದೋಣಿ ಹತ್ಲಿಲ್ಲ ಅಂತ ಅಳ್ತಿದಾಳೆ. ಫೋರ್ಟ್ ಕೊಚ್ಚಿಯಿಂದ ಎದುರುಗಡೆ ದ್ವೀಪಕ್ಕೆ ಹತ್ತೇ ನಿಮಿಷವಂತೆ. ಹೋಗಿ ಬಂದ್ಬಿಡ್ತೀವಿ.”

ನಾನು ಅತ್ತಿರಲಿಲ್ಲ. ಆದರೆ ಅಪ್ಪಾಜಿ ನನ್ನ ಕಡೆ ನೋಡಿದಾಗ ಅಳುವ ಮುಖ ಮಾಡಿದೆ. ಅವರು ಕೈ ತೊಳೆದು ಬಂದು ನನ್ನ ತಲೆಯ ಮೇಲೆ ಕೈಯಿಟ್ಟು,

“ಹನ್ನೆರಡಕ್ಕೆ ಇಲ್ಲಿರ್ಬೇಕು. ಅತ್ತೆ ಕೈ ಬಿಡ್ಬೇಡ, ತಿಳೀತಾ?” ಎಂದರು.

ಸೈಕಲ್ ರಿಕ್ಷಾದಲ್ಲಿ ಫೋರ್ಟ್ ಕೊಚ್ಚಿಯ ದೋಣಿಕಟ್ಟೆಗೆ ಹೋದೆವು. ಹಳೆಯ ಬಂಗಲೆಗಳು, ಚರ್ಚಿನಿಂದ ಬಿಳಿ ಬಟ್ಟೆ ಉಟ್ಟು ಹೊರಬರುತ್ತಿದ್ದ ಜನ, ನೀರಿನ ಅಂಚಿನಲ್ಲಿ ಮುಳುಗಿ ಏಳುವ ದೊಡ್ಡ ಚೀನೀ ಬಲೆಗಳು. ದೋಣಿ ಮರದ್ದು, ತಗಡಿನ ಛಾವಣಿ, ಎರಡು ಬದಿಗೆ ಉದ್ದ ಬೆಂಚು. ಮುಂದೆ ಚಕ್ರ ಹಿಡಿದವನು ಹಗ್ಗ ಜಗ್ಗಿದರೆ ಒಳಗೆ ಎಂಜಿನ್ ಹತ್ತಿರ ಗಂಟೆ ಬಾರಿಸುತ್ತಿತ್ತು. ಒಂದಕ್ಕೆ ಒಂದು ಅರ್ಥ, ಎರಡಕ್ಕೆ ಇನ್ನೊಂದು. ಎಂಜಿನ್ನಿನವನಿಗೆ ನೀರೇ ಕಾಣದು, ಗಂಟೆ ಕೇಳಿ ಓಡಿಸುತ್ತಿದ್ದ. “ನಮ್ಮ ಅಡುಗೆಮನೆ ಹಾಗೇ ಇದೆ” ಎಂದಳು ಗೌರತ್ತೆ. ನಡು ನೀರಿಗೆ ಬಂದಾಗ ಅವಳು ಸೆರಗನ್ನು ತಲೆಯ ಮೇಲಿಂದ ಇಳಿಸಿದಳು. ಗಾಳಿಗೆ ಕೂದಲು ಬಿಚ್ಚಿಕೊಂಡಿತು, ಕಟ್ಟಿಕೊಳ್ಳಲಿಲ್ಲ. ಸೊಂಟದಿಂದ ಮಡಿಸಿದ ಕಾಗದ ತೆಗೆದು ನನಗೆ ತೋರಿಸಿದಳು. ಸಿಸ್ಟರ್ ಕ್ಲೇರ್ ಅವರ ಓರೆ ಅಕ್ಷರ. ವೈಪಿನ್ ದ್ವೀಪದ ಒಂದು ಕಾನ್ವೆಂಟ್ ಸ್ಕೂಲಿನ ಮದರ್‌ಗೆ ಬರೆದದ್ದು.

“ಆಫೀಸಿನಲ್ಲಿ ಟೈಪಿಸ್ಟ್ ಬೇಕಂತೆ. ಹಾಸ್ಟೆಲಲ್ಲಿ ರೂಮು ಕೊಡ್ತಾರಂತೆ. ಇಲ್ಲೇ ಅಣ್ಣನಿಗೆ ಹೇಳಿದ್ರೆ ನಾಳೆಯೇ ರೈಲಿಗೆ ಹಾಕ್ತಾರೆ. ಊರಿಗೆ ಹೋದ್ಮೇಲೆ ಸಿಸ್ಟರ್ ಕ್ಲೇರೇ ಮನೆಗೆ ಬಂದು ಮಾತಾಡ್ತಾರೆ. ಅಲ್ಲೀವರೆಗೂ ಸುಮ್ನಿರ್ತೀಯಾ ಬೇಬಿ?”

ಇರುತ್ತೇನೆ ಎಂದೆ. ಮನಸ್ಸಿನಲ್ಲೇ ಉಗ್ರಾಣದ ಬಾಗಿಲು ನೆನಪಾಯಿತು.

ಆ ಸ್ಕೂಲಿನ ಮದರ್ ವಯಸ್ಸಾದವರು, ಕನ್ನಡಕದ ಮೇಲಿಂದ ನೋಡುವವರು. ಪತ್ರ ಓದಿ, ಏನೂ ಕೇಳದೆ ಗೌರತ್ತೆಯನ್ನು ಟೈಪ್‌ರೈಟರಿನ ಮುಂದೆ ಕೂರಿಸಿ ಒಂದು ಸರ್ಕ್ಯುಲರ್ ಕೊಟ್ಟರು. ನನಗೆ ಒಂದು ತಟ್ಟೆಯಲ್ಲಿ ಕೇಕು. ಆರು ವರ್ಷದಿಂದ ಮಣೆಯ ಅಂಚಿನ ಮೇಲೆ ಸದ್ದಿಲ್ಲದೆ ಆಡಿದ್ದ ಬೆರಳುಗಳಿಗೆ ಅಂದು ಸದ್ದು ಬಂತು. ಮಳೆ ತಗಡಿನ ಮೇಲೆ ಬಿದ್ದ ಹಾಗೆ. ಮದರ್ ಹಾಳೆಯನ್ನು ಎಳೆದು, ಬೆಳಕಿಗೆ ಹಿಡಿದು ಓದಿ, “ನಾಟ್ ಒನ್ ಮಿಸ್ಟೇಕ್” ಎಂದರು. ಆಮೇಲೆ ರೂಮು ತೋರಿಸಲು ಕರೆದೊಯ್ದರು. ಒಂದು ಮಂಚ, ಒಂದು ಮೇಜು, ತೆಂಗಿನಮರ ಕಾಣುವ ಕಿಟಕಿ. ಬಾಗಿಲಿಗೆ ಒಳಗಿನಿಂದ ಚಿಲಕ. ನಮ್ಮ ಮನೆಯಲ್ಲಿ ಹೆಂಗಸರು ಮಲಗುವ ಯಾವ ಕೋಣೆಗೂ ಒಳಗೆ ಚಿಲಕವಿರಲಿಲ್ಲ. ಗೌರತ್ತೆ ಅದನ್ನು ಒಮ್ಮೆ ಹಾಕಿ, ತೆಗೆದು, ಮತ್ತೊಮ್ಮೆ ಹಾಕಿದಳು. ಮದರ್ ಮತ್ತು ನಾನು ಹೊರಗೆ ಉಳಿದುಬಿಟ್ಟಿದ್ದೆವು. ಮದರ್ ನಕ್ಕು, “ಲೆಟ್ ಹರ್” ಎಂದರು.

ವಾಪಸು ದೋಣಿಯಲ್ಲಿ ಗೌರತ್ತೆ ಕಂಬಕ್ಕೆ ಒರಗಿ ನೀರು ನೋಡುತ್ತ ನಿಂತಳು. ಅವಳ ಕೈ ನನ್ನ ಕೈಯಲ್ಲಿರಲಿಲ್ಲ. ನನ್ನ ಪಕ್ಕ ನನ್ನದೇ ವಯಸ್ಸಿನ ಒಬ್ಬ ಹುಡುಗಿ ಕೂತಿದ್ದಳು. ಲೇಸಿನ ಫ್ರಾಕು, ಕೊರಳಲ್ಲಿ ಸಣ್ಣ ಬೆಳ್ಳಿ ಶಿಲುಬೆ. ಭಾಷೆ ಬಾರದ ಮಕ್ಕಳು ವಸ್ತುಗಳನ್ನು ತೋರಿಸಿ ಸ್ನೇಹ ಮಾಡುತ್ತಾರೆ. ಅವಳು ಶಿಲುಬೆ ತೋರಿಸಿದಳು. ನಾನು ಫ್ರಾಕಿನೊಳಗಿಂದ ಕರಡಿಗೆ ಎಳೆದು ತೋರಿಸಿದೆ. ಅವಳು ಸರ ಬಿಚ್ಚಿ ನನ್ನ ಅಂಗೈಗೆ ಹಾಕಿದಳು. ನಾನು ಇಷ್ಟಕ್ಕೆ ಸೋಲಬಾರದು ಎಂದು ದಾರವನ್ನು ತಲೆಯ ಮೇಲಿಂದ ತೆಗೆದೆ, ಮುಚ್ಚಳ ಹೇಗೆ ಟಿಕ್ ಎನ್ನುತ್ತದೆ ನೋಡು ಎಂದು ಅವಳ ಕಡೆಗೆ ಚಾಚಿದೆ. ಕಾನ್ವೆಂಟಿನ ಹುಡುಗಿಯರೆಲ್ಲ ತಮ್ಮ ಕೊರಳಿನದನ್ನು ತೋರಿಸುತ್ತಿದ್ದಾಗ ನನ್ನದನ್ನು ನಾನು ಯಾವಾಗಲೂ ಬಚ್ಚಿಟ್ಟುಕೊಂಡಿದ್ದೆ. ಅಂದು ಮೊದಲ ಸಲ ತೋರಿಸಿದ್ದು. ಗಂಟೆ ಎರಡು ಸಲ ಬಡಿಯಿತು, ದೋಣಿ ಕಟ್ಟೆಗೆ ತಾಗಿ ಹಿಂದಕ್ಕೆ ಜಗ್ಗಿತು. ಅವಳ ಕೈ ತಲುಪುವ ಮೊದಲೇ ಚಾಚಿದ ನನ್ನ ಕೈ ಖಾಲಿಯಾಗಿತ್ತು. ದೋಣಿಗೂ ಕಟ್ಟೆಗೂ ನಡುವೆ ಒಂದು ಗೇಣು ಕಪ್ಪು ನೀರು. ಸದ್ದು ಸಹ ಆಗಲಿಲ್ಲ. ಆ ಹುಡುಗಿ ಶಿಲುಬೆಯನ್ನು ನನ್ನ ಕೈಯಿಂದ ಕಸಿದುಕೊಂಡು ತಾಯಿಯ ಹಿಂದೆ ಓಡಿದಳು.

ಗೌರತ್ತೆ ತಿರುಗಿ ನೋಡಿದಾಗ ನಾನು ಬಗ್ಗಿ ನೀರು ನೋಡುತ್ತಿದ್ದೆ. ನನ್ನ ಬರಿ ಕೊರಳನ್ನು ನೋಡಿದ ಕೂಡಲೇ ಅವಳಿಗೆ ತಿಳಿಯಿತು. ದೋಣಿಯವನನ್ನು ಸನ್ನೆಯಲ್ಲಿ ಕೇಳಿದಳು. ಅವನು ಕೈಯಲ್ಲಿದ್ದ ಬಿದಿರಿನ ಗಳುವನ್ನು ಪೂರ್ತಿ ಇಳಿಸಿ, ತಳ ಸಿಗದೆ, ತಲೆಯಾಡಿಸಿದ. ಅವಳು ನನ್ನನ್ನು ಟಿಕೆಟ್ ಕೊಡುವ ಗೂಡಿನ ಹಿಂದಕ್ಕೆ ಎಳೆದುಕೊಂಡು ಹೋದಳು. ಹೊಡೆಯುತ್ತಾಳೆ ಎಂದು ಕಣ್ಣು ಮುಚ್ಚಿದೆ. ಕೊರಳಿಗೆ ಬೆಚ್ಚನೆಯದೇನೋ ತಾಗಿತು. ತನ್ನ ಲಿಂಗವನ್ನು ತೆಗೆದು ನನಗೆ ಹಾಕಿ, ದಾರ ಉದ್ದವಾಯಿತೆಂದು ಹಿಂದೆ ಗಂಟು ಹಾಕುತ್ತಿದ್ದಳು.

“ಹೋಗಿದ್ದು ನಂದು. ತಿಳೀತಾ?”

“ಹಾಗೆ ಕಟ್ಬಾರದಲ್ವಾ ಅತ್ತೆ?”

“ಕಟ್ಬಾರ್ದು. ಊರು ತಲುಪೋಕೆ ಎರಡು ದಿನ ಬೇಕು. ನಾಯಿಕೆಮ್ಮಿಂದ ಎದ್ದ ಮಗು ಎರಡು ದಿನ ನೀರಿಲ್ದೆ ಇರುತ್ತಾ? ನಾನಾದ್ರೆ ಇರ್ತೀನಿ. ನಡಿ.”

ಅವಳಿಗೆ ಅದು ಎರಡು ದಿನದ ಉಪವಾಸದ ವಿಷಯವಾಗಿತ್ತು, ಅಷ್ಟೇ. ಕೆಲಸ ಸಿಕ್ಕ ಸಂತೋಷದಲ್ಲಿ ಮುಂದಿನದು ಅವಳಿಗೆ ಕಾಣಲಿಲ್ಲ. ಮಧ್ಯಾಹ್ನ ಅಪ್ಪಾಜಿ ಬಂದಾಗ ಒಲೆ ಹೊತ್ತಿರಲಿಲ್ಲ. ದೋಣಿ ತಾಗಿದಾಗ ದಾರ ಕಡಿಯಿತು, ನೀರಿಗೆ ಬಿತ್ತು ಎಂದು ಗೌರತ್ತೆ ಬಾಗಿಲ ಬಳಿ ನಿಂತು ಹೇಳಿದಳು. ಅಪ್ಪಾಜಿ ನನ್ನನ್ನು ಇನ್ನೊಂದು ಕೋಣೆಗೆ ಕರೆದರು. ಕೊಬ್ಬರಿ ಬೆಲ್ಲ ಇರಲಿಲ್ಲ. ಅದು ಬೇಕಾಗಲೂ ಇಲ್ಲ.

“ಎಲ್ಲೆಲ್ಲಿ ಹೋದ್ರಿ ಮಗಳೇ?”

ಸಿಸ್ಟರ್‌ಗಳ ಮನೆಗೆ ಎಂದೆ. ಅತ್ತೆ ಟೈಪ್ ಮಾಡಿದಳು, ಕೇಕು ಕೊಟ್ಟರು, ಅತ್ತೆಗೆ ರೂಮು ತೋರಿಸಿದರು ಎಂದೆ. ಎಲ್ಲವೂ ನಿಜ. ಕೊರಳಲ್ಲಿ ಗೌರತ್ತೆಯ ಲಿಂಗ ಭಾರವಾಗಿ ತೂಗುತ್ತಿತ್ತು, ಅದರ ವಿಷಯ ಮಾತ್ರ ಬಾಯಿಗೆ ಬರಲಿಲ್ಲ. ಮುಚ್ಚಬೇಕಾದ್ದನ್ನು ಹೇಳಿದೆ, ಹೇಳಬೇಕಾದ್ದನ್ನು ಮುಚ್ಚಿದೆ. ಕಳೆದದ್ದಲ್ಲದೆ, ನಾನೇ ಕೈಯಾರೆ ತೆಗೆದು ಬೇರೆಯವರಿಗೆ ಕೊಟ್ಟೆ ಎಂಬುದನ್ನು ಆ ಮುತ್ತಜ್ಜನ ಮನೆಯಲ್ಲಿ ಹೇಗೆ ಹೇಳುವುದು? ರೈಲಿನಲ್ಲಿ ಗೌರತ್ತೆ ಒಣಗಿದ ತುಟಿಯಲ್ಲಿ ನನಗೆ ಬಾಳೆಹಣ್ಣು ಸುಲಿದು ಕೊಟ್ಟಳು. ತಿಂದೆ. ಎರಡು ತಿಂದೆ.

ಮಂಗಳವಾರ ಬೆಳಗ್ಗೆ ಮನೆ ತಲುಪಿದೆವು. ನಡುಮನೆಯ ಕಂಬದ ಹತ್ತಿರ ಗೌರತ್ತೆಯನ್ನು ನಿಲ್ಲಿಸಿ ಅಜ್ಜಿ ಕೇಳಿದರು.

“ಬಿತ್ತೋ, ಬಿಸಾಕ್ದ್ಯೋ?”

“ಬಿತ್ತು ಅವ್ವ.”

“ಯುಗಾದಿಗೆ ಹೊಸ ದಾರ ಹೊಸ್ದು ಕೊಟ್ಟಿದೀನಿ. ಹೊಸ ದಾರ ತಾನಾಗಿ ಕಡಿಯುತ್ತಾ?”

“ಕಡೀತು.”

“ಅದೂ ಸಿಸ್ಟರ್‌ಗಳ ಮನೆಗೆ ಹೋಗಿ ಬರೋವಾಗ್ಲೇ. ಅವರ ಪಾಡಿಗೆ ಅವರು ಚೆನ್ನಾಗಿರ್ಲಿ. ನಿಂಗೆ ನಿನ್ನ ಮನೆ ಭಾರ ಆಯ್ತಾ?”

ಗೌರತ್ತೆ ನನ್ನ ಕಡೆ ನೋಡಲಿಲ್ಲ. ಅದು ನನಗೆ ಇಂದಿಗೂ ನೆನಪಿದೆ, ಒಮ್ಮೆಯೂ ನೋಡಲಿಲ್ಲ. ಸಂಜೆ ಮಠದ ಸ್ವಾಮಿಗಳು ಬಂದರು. ತುಂಬಾ ಮುಪ್ಪಾದ, ಮೃದುವಾದ ಮನುಷ್ಯ. “ಕಳೆದದ್ದು ಕಳೀತು ತಾಯಿ, ಅದಕ್ಯಾಕೆ ಅಳ್ತೀಯ” ಎಂದು ಹೊಸ ಲಿಂಗ ಕೊಟ್ಟು, ತಾವೇ ನೀರು ಕುಡಿಸಿದರು. ಕಟ್ಟುಪಾಡು ಹಾಕಿದ್ದು ಅವರಲ್ಲ, ಮನೆಯವರು. ಅಡುಗೆಮನೆಗೆ ಮತ್ತೆ ಬರಬಹುದು, ಮುಂಬಾಗಿಲ ಹೊಸ್ತಿಲು ದಾಟುವ ಹಾಗಿಲ್ಲ, ನನ್ನ ಜೊತೆಯಲ್ಲೂ. ಅದೇ ರಾತ್ರಿ ಊಟವಾದ ಮೇಲೆ ಅಪ್ಪಾಜಿ ಅಮ್ಮನಿಗೆ ಹೇಳುತ್ತಿದ್ದುದು ಕೇಳಿಸಿತು.

“ಟೈಪಿಂಗ್ ಕೆಲ್ಸ ಅಂದ್ರೆ ನಾನು ಬೇಡ ಅಂತಿರ್ಲಿಲ್ಲವೇನೋ. ಇಲ್ಲಿದ್ದು ಏನ್ ಸುಖ ಅವಳಿಗೆ. ಆದ್ರೆ ಲಿಂಗಾನೇ ನೀರಿಗೆ ಹಾಕಿ ಬಂದವಳನ್ನ ಹೇಗೆ ಕಳ್ಸೋದು ಹೇಳು.”

ಆ ಮಾತು ನನಗೆ ಅರ್ಥವಾಯಿತು. ಹತ್ತು ವರ್ಷಕ್ಕೆ ಅಷ್ಟು ಅರ್ಥವಾಗುತ್ತದೆ. ಎದ್ದು ಹೋಗಿ, ಕಳೆದದ್ದು ನನ್ನದು ಎಂದಿದ್ದರೆ ನನಗೆ ನಾಲ್ಕು ಏಟು ಬೀಳುತ್ತಿತ್ತು, ಅಜ್ಜಿ ಒಂದು ತಿಂಗಳು ಮಾತು ಬಿಡುತ್ತಿದ್ದರು. ಗೌರತ್ತೆಗೆ ಮಂಚ, ಮೇಜು, ಚಿಲಕವಿದ್ದ ಆ ರೂಮು ಸಿಗುವ ದಾರಿಯಾದರೂ ಉಳಿಯುತ್ತಿತ್ತು. ನಾಳೆ ಹೇಳುತ್ತೇನೆ ಎಂದುಕೊಂಡೆ. ಬುಧವಾರ ಸ್ಕೂಲಿನಲ್ಲಿ ಸಿಸ್ಟರ್ ಕ್ಲೇರ್ ಕೊಚ್ಚಿ ಹೇಗಿತ್ತು ಎಂದು ಕೇಳಿದರು. ಲವ್ಲಿ ಸಿಸ್ಟರ್ ಎಂದೆ. ಆ ವಾರದಲ್ಲೇ ಅವರು ಮನೆಗೆ ಬಂದರು. ಅಜ್ಜಿ ಹಜಾರದಲ್ಲೇ ಕೂರಿಸಿ, ಕಾಫಿ ಕೊಟ್ಟು, ಗೌರಿಗೆ ಮೈ ಸರಿಯಿಲ್ಲ ಎಂದು ಕೈಮುಗಿದು ಕಳಿಸಿದರು. ಕಾಫಿ ಮಾಡಿದ್ದು ಗೌರತ್ತೆ. ದಿನಾ ಬೆಳಗ್ಗೆ ಅವಳು ನನಗೆ ಜಡೆ ಹಾಕುತ್ತಿದ್ದಳು. ಹೆಣೆಯುತ್ತ ಹೆಣೆಯುತ್ತ ಅವಳ ಕೈ ಕೆಲವು ಸಲ ನಿಲ್ಲುತ್ತಿತ್ತು. ಕೂದಲು ಸಿಕ್ಕಾಗಿರಬೇಕು ಎಂದು ನಾನು ಅಲುಗಾಡದೆ ಕೂತಿರುತ್ತಿದ್ದೆ. ಆಮೇಲೆ ಕೈ ಮತ್ತೆ ಹೊರಡುತ್ತಿತ್ತು.

ಮುಂದಿನ ಬುಧವಾರ ವೈಪಿನ್‌ನಿಂದ ಕಾಗದ ಬಂತು. ಮುಂದಿನ ತಿಂಗಳ ಒಂದನೇ ತಾರೀಖು ಸೇರಿಕೊಳ್ಳಬಹುದು ಎಂದಿತ್ತು. ಅಪ್ಪಾಜಿಯ ಇಂಗ್ಲಿಷ್ ಮೂಟೆಗಳ ಮೇಲೆ ಬರೆಯುವಷ್ಟಿತ್ತು. ಆದ್ದರಿಂದ ನಡುಮನೆಯಲ್ಲಿ ಚಾಪೆ ಹಾಸಿ, ನನ್ನನ್ನು ಕೂರಿಸಿ, “ಚೆನ್ನಾಗಿ ಬರಿ, ಕಾನ್ವೆಂಟ್ ಅಕ್ಷರ ಅಂತ ಗೊತ್ತಾಗ್ಬೇಕು” ಎಂದರು. ನಾನು ಬರೆದೆ. ಡಿಯರ್ ಮದರ್, ಐ ಆಮ್ ಸಾರಿ ಟು ಸೇ ದಟ್ ಮೈ ಆಂಟ್ ಕೆನಾಟ್ ಕಮ್. ಶೀ ಈಸ್ ನಾಟ್ ಕೀಪಿಂಗ್ ವೆಲ್. ಲೂಪ್ ಹಾಕಿದ ಎಲ್, ಬಾಲ ಇರುವ ವೈ. ಅಡುಗೆಮನೆಯ ಬಾಗಿಲಿನಲ್ಲಿ ಗೌರತ್ತೆ ಕೈಗೆ ಹತ್ತಿದ ಹಿಟ್ಟು ಉಜ್ಜಿ ತೆಗೆಯುತ್ತ ನಿಂತಿದ್ದಳು. ನಾನು ತಲೆಯೆತ್ತಿದಾಗ ಹೇಳಿದಳು:

“ಮೇಲೆ ಡೇಟ್ ಹಾಕು. ಡೇಟ್ ಇಲ್ದಿದ್ರೆ ಆಫೀಸಲ್ಲಿ ಫೈಲ್ ಮಾಡಲ್ಲ.”

ಡೇ‌ಟ್ ಹಾಕಿದೆ. ಅಪ್ಪಾಜಿ ಮಡಿಸಿ ಜೇಬಿಗಿಟ್ಟುಕೊಂಡರು. ಆಮೇಲೆ ಮನೆಯಲ್ಲಿ ಆ ವಿಷಯ ಯಾರೂ ಎತ್ತಲಿಲ್ಲ. ಅವಳ ಲಿಂಗ ನನ್ನ ಕೊರಳಲ್ಲೇ ಉಳಿಯಿತು. ಅದನ್ನು ಅಂಗೈಯಲ್ಲಿಟ್ಟು ಪೂಜೆ ಮಾಡುತ್ತ ನಾನು ಪಿಯುಸಿ ಮಾಡಿದೆ, ಬಿಎ ಮಾಡಿದೆ, ಮದುವೆಯಾಗಿ ಮಲ್ಲೇಶ್ವರಕ್ಕೆ ಬಂದೆ, ಇಪ್ಪತ್ತೆಂಟು ವರ್ಷ ಒಂದು ಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿದೆ. ಗೌರತ್ತೆ ನನ್ನ ತಮ್ಮನನ್ನು ಬೆಳೆಸಿದಳು, ಅಜ್ಜಿಯ ಕೊನೆಗಾಲ ನೋಡಿದಳು, ಅಪ್ಪಾಜಿಯದು, ಅಮ್ಮನದು. ನಾನು ಆತ್ಮವಿಶ್ವಾಸದ ಹೆಂಗಸು ಎಂದು ಎಲ್ಲರೂ ಹೇಳುತ್ತಾರೆ. ಕ್ಲಾಸಿನ ಮುಂದೆ ನಿಂತು ಮಾತಾಡಲು ನನಗೆ ಎಂದೂ ಭಯವಾಗಲಿಲ್ಲ. ಆದರೆ ಒಂದೇ ಒಂದು ವಾಕ್ಯ ಹೇಳಬೇಕಾದ ಜಾಗದಲ್ಲೆಲ್ಲ ನಾನು ಚೆಂದದ ಅಕ್ಷರದಲ್ಲಿ ಬೇರೆ ಏನನ್ನೋ ಬರೆದುಕೊಟ್ಟಿದ್ದೇನೆ. ಅದನ್ನು ಕಲಿತದ್ದು ಆ ಎಂಟು ದಿನಗಳಲ್ಲಿ.

ಚಾಮರಾಜಪೇಟೆಯ ಮನೆ ಕೆಡವಿದ ಮೇಲೆ ತಮ್ಮ ಬಸವನಗುಡಿಯಲ್ಲಿ ಫ್ಲ್ಯಾಟ್ ತೆಗೆದುಕೊಂಡ. ಹಳೆಯ ಬಿಲ್ಡಿಂಗು, ಮೂರನೇ ಮಹಡಿ. ಗೌರತ್ತೆಗೆ ಒಂದು ಕೋಣೆ ಕೊಟ್ಟಿದ್ದರು. ತಮ್ಮನ ಹೆಂಡತಿ ತುಂಬಾ ಒಳ್ಳೆಯವಳು. “ಅತ್ತೆ, ಒಬ್ರೇ ಕೆಳಗೆ ಹೋಗ್ಬೇಡಿ, ಲಿಫ್ಟಲ್ಲಿ ಸಿಕ್ಕಾಕ್ಕೊಂಡ್ರೆ ಏನ್ ಮಾಡ್ತೀರ” ಎಂದು ದಿನಾ ಹೇಳುವಷ್ಟು ಒಳ್ಳೆಯವಳು. ಬಾತ್‌ರೂಮಿನಲ್ಲಿ ಬಿದ್ದರೆ ಎಂದು ಕೋಣೆಯ ಚಿಲಕ ತೆಗೆಸಿದ್ದರು. ನಾನು ತಿಂಗಳಿಗೊಮ್ಮೆ ಹೋಗುತ್ತಿದ್ದೆ. ನನಗೂ ಅರವತ್ತಾಗಿತ್ತು. ಒಂದು ಮಧ್ಯಾಹ್ನ ಮನೆಯಲ್ಲಿ ನಾವಿಬ್ಬರೇ. ಅವಳು ಅವರೆಕಾಳು ಹಿಸುಕುತ್ತಿದ್ದಳು, ನಾನೂ ಕೂತು ಹಿಸುಕುತ್ತಿದ್ದೆ. ಐವತ್ತು ವರ್ಷ ಬಾಯಲ್ಲೇ ಇದ್ದದ್ದು ಅಂದು ಹೇಗೋ ಬಂತು.

“ಅತ್ತೆ, ಆ ದೋಣಿ ವಿಷ್ಯ. ನಾನು ಅಪ್ಪಾಜಿಗೆ ಹೇಳ್ಬೇಕಾಗಿತ್ತು. ಹೇಳ್ಲಿಲ್ಲ. ಐ ಆಮ್ ಸಾರಿ.”

ಅವಳು ಒಂದು ಕಾಳು ಹಿಸುಕಿ ಪಾತ್ರೆಗೆ ಹಾಕಿದಳು.

“ಕಾದೆ ಕಣೆ” ಎಂದಳು. “ನಿಂಗೆ ಹೇಳ್ಬೇಡ ಅಂದಿದ್ದು ನಾನೇ. ಆದ್ರೂ ಹೇಳ್ತೀಯೇನೋ ಅಂತ ಎಂಟು ದಿನ ಕಾದೆ. ಜಡೆ ಹಾಕೋವಾಗೆಲ್ಲ ಈಗ ಹೇಳ್ತಾಳೆ, ಈಗ ಹೇಳ್ತಾಳೆ ಅನ್ಕೋತಿದ್ದೆ. ಕಾಗದ ಬರೆದ್ಯಲ್ಲ, ಅವತ್ತು ಬಿಟ್ಟೆ.”

“ನನ್ನ ಮೇಲೆ ಕೋಪ ಇಲ್ವಾ?”

“ನೀನು ಮಗು. ಅವರೆಲ್ಲ ದೊಡ್ಡೋರು. ಕೋಪಕ್ಕೆ ಯಾರನ್ನ ಆರಿಸ್ಕೊಳ್ಳಿ?” ಇನ್ನೊಂದು ಕಾಳು ಎತ್ತಿಕೊಂಡು, “ಈಗ ಆ ದ್ವೀಪಕ್ಕೆ ಸೇತುವೆ ಮಾಡಿದಾರಂತೆ, ಟೀವಿಲಿ ತೋರ್ಸಿದ್ರು. ದೋಣೀನೂ ಇದೆಯಂತೆ ಇನ್ನೂ” ಎಂದಳು.

ಹೌದಂತೆ ಎಂದೆ. ಕೆಳಗೆ ಆಟೋದವನು ಹಾರ್ನ್ ಮಾಡಿದ. ನಾನು ಎದ್ದು, ಬ್ಯಾಗು ಕೊಡೆ ಹುಡುಕಿಕೊಂಡು, ಮುಂದಿನ ತಿಂಗಳು ಬರುತ್ತೇನೆ ಎಂದೆ. ಅವಳು ಕೋಣೆಗೆ ಹೋಗಿ ತುಸು ತಡವಾಗಿ ಬಂದಳು, ಆಟೋದ ಅವಸರದಲ್ಲಿ ನಾನು ಸರಿಯಾಗಿ ನೋಡಲಿಲ್ಲ. ಸಾಮಾನ್ಯವಾಗಿ ಫ್ಲ್ಯಾಟಿನ ಬಾಗಿಲಲ್ಲೇ ನಿಲ್ಲುವವಳು, ಅಂದು ಲಿಫ್ಟಿನವರೆಗೂ ಬಂದಳು. ನಾನು ಒಳಗೆ ಹೋಗಿ, ಎಳೆದು ಮುಚ್ಚುವ ಸರಳಿನ ಬಾಗಿಲನ್ನು ಎಳೆದುಕೊಂಡೆ. ಅವಳು ಸರಳುಗಳ ಆಚೆ ನಿಂತಿದ್ದಳು.  ಹುಷಾರು ಅತ್ತೆ ಎಂದು ಹೇಳಿ ಗುಂಡಿ ಒತ್ತಿದೆ. ಲಿಫ್ಟು ಇಳಿಯಿತು. ಅವಳ ಮುಖ ಮೇಲಕ್ಕೆ ಹೋಯಿತು, ಆಮೇಲೆ ಕೈ, ಆಮೇಲೆ ಸೀರೆಯ ನೆರಿಗೆ. ಮನೆಯಲ್ಲಿ ಉಡುವ ನೂಲಿನ ಸೀರೆಯಲ್ಲ, ಇಸ್ತ್ರಿ ಮಾಡಿದ್ದು. ಕೊನೆಗೆ ನನ್ನ ಕಣ್ಣಿನ ಮಟ್ಟಕ್ಕೆ ಅವಳ ಪಾದಗಳು ಬಂದವು. ಚಪ್ಪಲಿ ಹಾಕಿಕೊಂಡಿದ್ದಳು. ಹೊರಗೆ ಹೋಗುವ ಚಪ್ಪಲಿ, ಬೆಲ್ಟನ್ನೂ ಬಿಗಿದಿದ್ದಳು. ನೆಲ ಮೇಲಕ್ಕೆ ಹೋಗಿ ಅದೂ ಕಾಣದಾಯಿತು. ಕೆಳಗೆ ಆಟೋದವನು ಮತ್ತೆ ಹಾರ್ನ್ ಮಾಡುತ್ತಿದ್ದ. ನಾನು ಲಿಫ್ಟಿನಲ್ಲಿ ನಿಂತು ಮೂರರ ಗುಂಡಿಯನ್ನು ನೋಡಿದೆ, ಒತ್ತಲಿಲ್ಲ, ಆಮೇಲೆ ಬಾಗಿಲು ಸರಿಸಿ ಹೊರಗೆ ಬಂದೆ. ಗೌರತ್ತೆಯನ್ನು ನಾನು ಕೊನೆಯದಾಗಿ ನೋಡಿದ್ದು ಅಂದು.